ಬಿಸಿಲುನಾಡಿಗೊಂದು ಶೀತಕ



ಕಲಬುರಗಿಯ ಬೇಸಗೆಯನ್ನು ಕಲಬುರಗಿಯವರಿಗೆ ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ 42, 43 ಡಿಗ್ರಿ ಮುಟ್ಟುವ ಊರಿನಲ್ಲಿ ತಂಪೆಂಬುದು ಬರಿಯ ಭೋಗದ ವಸ್ತುವಾಗಿ ಉಳಿದಿಲ್ಲ. ಮುದುಕರ, ರೋಗಿಗಳ, ಹಸುಗೂಸುಗಳ ಪಾಲಿಗೆ ಅದು ಜೀವವನ್ನು ಕಾಯುವ ಸಾಧನವೇ ಆಗಿದೆ. ಹೀಗಾಗಿ ತಂಪಿನ ಯಂತ್ರವನ್ನು ಕೊಳ್ಳಲು ಅಂಗಡಿಗೆ ಹೋಗುವವರ ಸಂಖ್ಯೆ ಹೆಚ್ಚುತ್ತಿದೆ. ಹೋದವರು ಕಂಪನಿ ಯಾವುದು, ಬೆಲೆ ಎಷ್ಟು, ಮೇಲಿನ ನಕ್ಷತ್ರಗಳೆಷ್ಟು ಎಂದು ವಿಚಾರಿಸುತ್ತಾರೆ. ಆದರೆ ಆ ಯಂತ್ರದ ಕೊಳವೆಗಳಲ್ಲಿ ರಕ್ತದಂತೆ ಸುತ್ತುವ ದ್ರವ ಯಾವುದು ಎಂದು ಕೇಳುವವರು ವಿರಳ. ಇಂದು ನಾನು ಮಾತಾಡಬೇಕೆಂದಿರುವುದು ಆ ದ್ರವವನ್ನು ಕುರಿತು. ಅದಕ್ಕೆ ಕನ್ನಡದಲ್ಲಿ ಶೀತಕವೆಂಬ ಹೆಸರಿದೆ; ಕೆಲಸದವರ ಬಾಯಲ್ಲಿ ಅದು ‘ಗ್ಯಾಸು’.

ನಾನು ಭೌತಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನನ್ನು ಈ ವಿಚಾರಕ್ಕೆ ಎಳೆದು ತಂದದ್ದು ಮನೆಯ ಎರಡು ಅಗತ್ಯಗಳು. ಕಲಬುರಗಿಯಿಂದ ಬೀದರದ ದಾರಿಯಲ್ಲಿ ಸುಮಾರು 40 ಕಿಲೋಮೀಟರು ಹೋದರೆ ಕಮಲಾಪುರ ಸಿಗುತ್ತದೆ. ಅಲ್ಲಿ ನನ್ನ ತಮ್ಮನ ಮನೆಯಲ್ಲಿ 88 ವರ್ಷದ ನಮ್ಮ ಅವ್ವ ಇದ್ದಾಳೆ. ಅವಳಿಗೆ ದಮ್ಮಿನ ತೊಂದರೆ. ಹಗಲೆಲ್ಲ ಕಾದ ಮಾಳಿಗೆ ರಾತ್ರಿಯೆಲ್ಲ ಕೋಣೆಗೆ ಕಾವನ್ನು ಇಳಿಸುತ್ತದೆ. ಆ ಕೋಣೆಯನ್ನು ತಂಪಾಗಿಡಲೇಬೇಕು, ಆದರೆ ಕೂಲರಿನ ಒದ್ದೆ ಗಾಳಿ ಸಲ್ಲದು ಎಂದು ವೈದ್ಯರು ಹೇಳಿದರು. ಇತ್ತ ಕಲಬುರಗಿಯ ನನ್ನ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಗೀಸರು ಹಳತಾಗಿತ್ತು. ಒಂದು ಕಡೆ ತಂಪು ಬೇಕು, ಇನ್ನೊಂದು ಕಡೆ ಬಿಸಿ ಬೇಕು. ಈ ಎರಡನ್ನೂ ಮಾಡುವ ಯಂತ್ರದ ತತ್ತ್ವ ಒಂದೇ ಎಂಬುದು ತಿಳಿದಾಗ ನನಗೆ ಕುತೂಹಲವಾಯಿತು.

ನೀರು ಹೇಗೆ ಮೇಲಿನಿಂದ ಕೆಳಗೆ ಹರಿಯುತ್ತದೆಯೋ ಹಾಗೆ ಶಾಖವೂ ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ತಾನಾಗಿ ಹರಿಯುತ್ತದೆ. ಬಾವಿಯ ನೀರನ್ನು ಮೇಲಕ್ಕೆತ್ತಲು ಪಂಪು ಬೇಕಾಗುವಂತೆ, ಶಾಖವನ್ನು ತಂಪಿನ ಕಡೆಯಿಂದ ಬಿಸಿಯ ಕಡೆಗೆ ಎತ್ತಿ ಹಾಕಲೂ ಪಂಪು ಬೇಕು. ಅದೇ ಶಾಖದ ಪಂಪು. ಕೋಣೆಯೊಳಗಿನ ಶಾಖವನ್ನು ಎತ್ತಿ ಬೀದಿಗೆ ಹಾಕಿದರೆ ಅದು ಎ.ಸಿ.; ಬಯಲ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಹಾಕಿದರೆ ಅದು ನೀರು ಕಾಯಿಸುವ ಯಂತ್ರ. ಸಾಧಾರಣ ಗೀಸರು ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಡಬಲ್ಲುದು. ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಶಾಖದ ಪಂಪು ಅದೇ ವಿದ್ಯುತ್ತಿಗೆ ಸುಮಾರು ಮೂರರಷ್ಟನ್ನು ತಂದುಕೊಡುತ್ತದೆ. ಏಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು 1938ರಷ್ಟು ಹಿಂದೆಯೇ ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ ಶಾಖವನ್ನು ಎತ್ತಿ ಬೆಚ್ಚಗಿಡಲಾಗಿತ್ತು ಎಂದರೆ ಈ ವಿದ್ಯೆ ಹೊಸದಲ್ಲವೆಂಬುದು ಸ್ಪಷ್ಟ.

ಸಾಗಿಸುವುದೆಂದ ಮೇಲೆ ಹೊರುವವನೊಬ್ಬ ಬೇಕಲ್ಲವೆ? ಆ ಹೊರೆಯಾಳೇ ಶೀತಕ. ಯಾವ ದ್ರವವೇ ಆಗಲಿ, ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆವಿ ಮರಳಿ ದ್ರವವಾಗುವಾಗ ಆ ಶಾಖವನ್ನು ಇಳಿಸುತ್ತದೆ. ಯಂತ್ರದಲ್ಲಿ ಶೀತಕವು ಕೋಣೆಯೊಳಗಿನ ಸುರುಳಿಯಲ್ಲಿ ಆವಿಯಾಗುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಬಿಸಿಮಾಡುತ್ತದೆ. ಹೊರಗಿನ ಸುರುಳಿಯಲ್ಲಿ ಅದು ಶಾಖವನ್ನು ಇಳಿಸಿ ದ್ರವವಾಗುತ್ತದೆ. ಕಿರಿದಾದ ದಾರಿಯೊಂದರಲ್ಲಿ ಹಾಯ್ದು ಒತ್ತಡ ಕಳೆದುಕೊಂಡು ತಣ್ಣಗಾಗಿ ಮತ್ತೆ ಒಳಗೆ ಬರುತ್ತದೆ. ಗಾಣದೆತ್ತಿನಂತೆ ಈ ಸುತ್ತು ನಡೆಯುತ್ತಲೇ ಇರುತ್ತದೆ.

ಈ ಕೆಲಸದಲ್ಲಿ ಅತ್ಯಂತ ಹಳೆಯ ಹೊರೆಯಾಳೆಂದರೆ ನೀರು. ನಮ್ಮ ರಂಜಣಗಿಯ ಮೈ ಬೆವರಿ ಒಳಗಿನ ನೀರು ತಂಪಾಗುವುದು, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಣ್ಣಗಾಗುವುದು, ಕೂಲರು ನಡೆಯುವುದು, ಎಲ್ಲವೂ ಇದರಿಂದಲೇ. ಒಂದು ಗ್ರಾಂ ನೀರು ಆರಿಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಇಷ್ಟು ಹೊರೆ ಹೊರಬಲ್ಲ ದ್ರವ ಮತ್ತೊಂದು ಸಿಗುವುದು ದುರ್ಲಭ. ಅದು ವಿಷವಲ್ಲ, ಉರಿಯುವುದಿಲ್ಲ. ಹಾಗಿದ್ದಮೇಲೆ ಯಂತ್ರದೊಳಗೂ ನೀರನ್ನೇ ಏಕೆ ತುಂಬಬಾರದು? ನೀರು 10 ಡಿಗ್ರಿಯಲ್ಲಿ ಕುದಿಯಬೇಕಾದರೆ ಒತ್ತಡವು ಹೊರಗಿನ ವಾಯುವಿನ ಎಂಬತ್ತರಲ್ಲೊಂದು ಪಾಲಿಗೆ ಇಳಿಯಬೇಕು. ಆಗ ಒಂದು ಕಿಲೋ ನೀರಿನ ಆವಿ ನೂರು ಘನಮೀಟರಿಗೂ ಹೆಚ್ಚಿನ ಜಾಗವನ್ನು, ಎಂದರೆ ಒಂದು ದೊಡ್ಡ ಪಡಸಾಲೆಯನ್ನೇ, ತುಂಬುತ್ತದೆ. ಅಷ್ಟನ್ನು ನುಂಗಿ ಒತ್ತಬಲ್ಲ ಕಂಪ್ರೆಸರನ್ನು ಸಣ್ಣ ಮನೆಯಲ್ಲಿ ಇಡಲಾಗದು. ಹೀಗೆ ಸರ್ವಗುಣಸಂಪನ್ನವಾದ ನೀರು ಈ ಒಂದು ಸ್ಥಾನದಲ್ಲಿ ಅಯೋಗ್ಯವಾಯಿತು.

ಇಲ್ಲಿ ನನ್ನ ಹಳೆಯ ಪಾಠ ನೆನಪಾಗುತ್ತದೆ. ನಮ್ಮ ಜಿಲ್ಲೆಯ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿನ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಅಲಂಕಾರಗಳಿಗೆ ಮೊದಲು ಕಾವ್ಯದ ದೋಷಗಳ ವಿಚಾರವನ್ನು ಎತ್ತಿಕೊಳ್ಳುತ್ತದೆ. ಮುಂದೆ 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಸ್ಥಾನ ತಪ್ಪಿದ ಗುಣ ಗುಣವಾಗಿ ಉಳಿಯದು ಎಂಬುದು ಅವನ ವಾದದ ಸಾರ. ಶೀತಕಗಳ ಇತಿಹಾಸವನ್ನು ಓದಿದಾಗ ಈ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ದೊರೆತಿರಲಿಲ್ಲವೆನಿಸಿತು.

ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ 1834ರಲ್ಲಿ ಹಕ್ಕುಪತ್ರ ಪಡೆದ ಯಂತ್ರದ ಶೀತಕ ಈಥರು. ಅದು ಕಿಡಿ ತಾಗಿದರೆ ಭುಗಿಲೇಳುವಂಥದು. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಲಿಂಡೆ ಅಮೋನಿಯಾವನ್ನು ಬಳಕೆಗೆ ತಂದನು. ನಮ್ಮ ಊರುಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಗೆ ನವಸಾಗರವನ್ನು ಉಜ್ಜಿದಾಗ ಮೂಗಿಗೆ ಅಡರುವ ಘಾಟಿನಲ್ಲಿ ಅಮೋನಿಯಾವೂ ಇದೆ. ಶಾಖ ಹೊರುವುದರಲ್ಲಿ ಅದು ಸಮರ್ಥವಾದದ್ದರಿಂದ ಇಂದಿಗೂ ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ, ಶೈತ್ಯಾಗಾರಗಳಲ್ಲಿ ಅದರದೇ ದೊರೆತನ. ಆದರೆ ಅದು ವಿಷ. ಮೇಲಾಗಿ ತಾಮ್ರವನ್ನು ತಿನ್ನುತ್ತದೆ. ಮನೆಯ ಯಂತ್ರಗಳ ಕೊಳವೆಗಳೋ ಬಹುಪಾಲು ತಾಮ್ರದವು. 1920ರ ದಶಕದ ಮನೆಯ ಫ್ರಿಜ್ಜುಗಳಲ್ಲಿ ಗಂಧಕದ ಡೈ ಆಕ್ಸೈಡು, ಮೀಥೈಲ್ ಕ್ಲೋರೈಡುಗಳಿದ್ದವು. ಸೋರಿದರೆ ಪ್ರಾಣಕ್ಕೇ ಅಪಾಯ. ಬರ್ಲಿನ್ನಿನಲ್ಲಿ ಹೀಗೆ ಶೀತಕ ಸೋರಿ ಒಂದು ಕುಟುಂಬವೇ ಮಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಐನ್‌ಸ್ಟೈನ್ ತಮ್ಮ ಗೆಳೆಯ ಲಿಯೋ ಜಿಲಾರ್ಡರೊಡನೆ ಸೋರದ ಫ್ರಿಜ್ಜೊಂದನ್ನು ರೂಪಿಸಲು ಹೊರಟರೆಂದು ಹೇಳುತ್ತಾರೆ.

ಇಂಥ ಸಂದರ್ಭದಲ್ಲಿ, 1928ರಲ್ಲಿ, ಅಮೆರಿಕದ ಥಾಮಸ್ ಮಿಜ್‌ಲಿ ಮತ್ತು ಅವನ ಸಂಗಡಿಗರು ಹೊಸದೊಂದು ಶೀತಕವನ್ನು ಕಂಡುಹಿಡಿದರು. ಕ್ಲೋರಿನ್, ಫ್ಲೋರಿನ್, ಇಂಗಾಲಗಳ ಸಂಯುಕ್ತವದು. 1930ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಮಿಜ್‌ಲಿ ಅದರ ಆವಿಯನ್ನು ಎದೆತುಂಬ ಎಳೆದುಕೊಂಡು, ಮೇಣದ ಬತ್ತಿಯ ಮೇಲೆ ಊದಿ ದೀಪವನ್ನು ಆರಿಸಿ ತೋರಿಸಿದನು. ವಿಷವಲ್ಲವೆಂಬುದಕ್ಕೂ ಉರಿಯದೆಂಬುದಕ್ಕೂ ಒಂದೇ ಉಸಿರಿನಲ್ಲಿ ಸಾಕ್ಷಿ ದೊರೆಯಿತು. ಯಾವುದರೊಡನೆಯೂ ಬೆರೆಯದು, ಯಾವುದನ್ನೂ ಕೆಡಿಸದು, ನೂರು ವರ್ಷವಾದರೂ ತಾನು ಕೆಡದು. ಇದಕ್ಕಿಂತ ಸಾಧುವಾದ ಪದಾರ್ಥ ಯಾವುದಿದ್ದೀತು?

ಆ ಸಾಧುತ್ವವೇ ಕೇಡಿಗೆ ಮೂಲವಾಯಿತು. ಕೆಳಗಿನ ಗಾಳಿಯಲ್ಲಿ ಯಾವುದರೊಡನೆಯೂ ಬೆರೆತು ನಾಶವಾಗದ್ದರಿಂದ ಅದು ಮೆಲ್ಲಮೆಲ್ಲನೆ ಮೇಲೇರಿ ಓಜೋನಿನ ಪದರವನ್ನು ಮುಟ್ಟಿತು. ಅಲ್ಲಿ ಸೂರ್ಯನ ತೀಕ್ಷ್ಣ ಕಿರಣಕ್ಕೆ ಒಡೆದು ಹೊರಬಿದ್ದ ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡತೊಡಗಿತು. ಹೀಗಾಗುವುದೆಂದು ಮಾರಿಯೋ ಮೊಲೀನಾ ಮತ್ತು ಶೆರ್‌ವುಡ್ ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ಸವೆದು ಹೋದದ್ದು 1985ರಲ್ಲಿ ಪ್ರಕಟವಾಯಿತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಈ ಶೀತಕಗಳನ್ನು ತೊಡೆದುಹಾಕುವ ಕಾರ್ಯ ಮೊದಲಾಯಿತು. ಭಾರತ 1992ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಅನಂತರ ಬಂದ ಕ್ಲೋರಿನ್ನಿಲ್ಲದ ಶೀತಕಗಳು ಓಜೋನಿಗೆ ಕೇಡು ಮಾಡಲಿಲ್ಲ. ಆದರೆ ಅವು ಭೂಮಿಗೆ ಕಂಬಳಿ ಹೊದಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಾಲು, ಎರಡು ಸಾವಿರ ಪಾಲು ಬಲವುಳ್ಳವು. ಆದಕಾರಣ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಜಗತ್ತು ಮತ್ತೆ ಸೇರಿ ಇವನ್ನೂ ಕ್ರಮೇಣ ಕುಗ್ಗಿಸಲು ಒಪ್ಪಬೇಕಾಯಿತು. ಭಾರತ ಅದಕ್ಕೆ 2021ರಲ್ಲಿ ಸಮ್ಮತಿಯ ಮುದ್ರೆ ಒತ್ತಿತು.

ಈ ಕಥೆಯಿಂದ ನನಗೆ ಹೊಳೆದದ್ದು ಇಷ್ಟು: ದೋಷವಿಲ್ಲದ ಶೀತಕವಿಲ್ಲ. ನಾವು ಆರಿಸುವುದು ಒಂದು ದ್ರವವನ್ನಲ್ಲ. ಯಾವ ದೋಷವನ್ನು ಯಾರು ಹೊರಬೇಕು ಎಂಬುದನ್ನು ಆರಿಸುತ್ತೇವೆ. ಉರಿಯುವ ಶೀತಕದ ಅಪಾಯ ನಮ್ಮ ಮನೆಯೊಳಗೇ ಇದೆ. ಅದು ನಮ್ಮ ಕಣ್ಣಿಗೆ ಬೀಳುತ್ತದೆ, ನಾವು ಕಾವಲಿರಬಹುದು. ಉರಿಯದೆ ಬಹುಕಾಲ ಬಾಳುವ ಶೀತಕದ ಕೇಡು ನಮ್ಮನ್ನು ಮುಟ್ಟದೆ, ಕಾಣದವರ, ಇನ್ನೂ ಹುಟ್ಟದವರ ತಲೆಯ ಮೇಲೆ ಬೀಳುತ್ತದೆ. ಮೊದಲನೆಯದಕ್ಕೆ ನಾವು ಹೆದರುತ್ತೇವೆ, ಎರಡನೆಯದಕ್ಕೆ ಹೆದರುವುದಿಲ್ಲ.

ಇಂದಿನ ಅಂಗಡಿಯ ಮಾತಿಗೆ ಬರೋಣ. ಹಳೆಯ ಎ.ಸಿ.ಗಳಲ್ಲಿ ಇರುವುದು ಆರ್-22. ಇದರಲ್ಲಿ ಕ್ಲೋರಿನ್ ಉಂಟು. ಇದರ ಒಂದು ಕಿಲೋ ಸೋರಿದರೆ ಸುಮಾರು 1,800 ಕಿಲೋ ಇಂಗಾಲದ ಡೈ ಆಕ್ಸೈಡನ್ನು ಬಿಟ್ಟಷ್ಟು ಕಾವು. ನಮ್ಮಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಇದೆಯೆಂದು ಹಿಡಿದರೆ, ಆ ಒಂದು ಕಿಲೋ ಸೋರಿಕೆ 2,500 ಯೂನಿಟ್ ವಿದ್ಯುತ್ತನ್ನು ಉರಿಸಿದ್ದಕ್ಕೆ ಸಮ. ಈಗಿನ ಬಹುಪಾಲು ಎ.ಸಿ.ಗಳಲ್ಲಿ ಆರ್-32 ಇದೆ. ಓಜೋನಿಗೆ ಕೇಡಿಲ್ಲ, ಕಾವಿನ ಬಲ ಸುಮಾರು 700 ಪಾಲು, ಮಂದವಾಗಿ ಉರಿಯುವ ಗುಣ. ಮೂರನೆಯದು ಆರ್-290. ಹೆಸರು ಹೊಸದೆನಿಸಿದರೂ ವಸ್ತು ಹಳೆಯದು: ಇದು ಪ್ರೊಪೇನು, ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವ ಅನಿಲದ ಒಂದು ಭಾಗ. ಕಾವಿನ ಬಲ ಮೂರು ಪಾಲಿನ ಆಸುಪಾಸು. ಗಾಳಿಗೆ ಹೋದರೆ ಕೆಲವೇ ವಾರಗಳಲ್ಲಿ ನಾಶವಾಗುತ್ತದೆ. ಭಾರತದಲ್ಲಿ ಗೋದ್ರೆಜ್ ಕಂಪನಿ 2012ರಿಂದ ಪ್ರೊಪೇನಿನ ಎ.ಸಿ.ಗಳನ್ನು ಮಾಡಿ ಮಾರಿದೆ. ಇದರ ದೋಷ ಎಲ್ಲರಿಗೂ ತಿಳಿದದ್ದೇ, ಇದು ಉರಿಯುತ್ತದೆ.

ಇಂಗಾಲದ ಡೈ ಆಕ್ಸೈಡನ್ನೇ ಶೀತಕವಾಗಿ ಬಳಸುವುದುಂಟು. ಜಪಾನಿನಲ್ಲಿ 2001ರಿಂದ ಸ್ನಾನದ ನೀರು ಕಾಯಿಸಲು ಅದು ಬಳಕೆಯಲ್ಲಿದೆ. ಆದರೆ 31 ಡಿಗ್ರಿಗಿಂತ ಬಿಸಿಯಲ್ಲಿ ಅದನ್ನು ಎಷ್ಟೇ ಒತ್ತಿದರೂ ದ್ರವವಾಗದು. 43 ಡಿಗ್ರಿಯ ಕಲಬುರಗಿಯ ಬಿಸಿಲಿಗೆ ಕೋಣೆಯ ಶಾಖವನ್ನು ಚೆಲ್ಲುವ ಕೆಲಸದಲ್ಲಿ ಅದು ಏದುಸಿರು ಬಿಡುತ್ತದೆ. ಪ್ರೊಪೇನಿಗೆ ಈ ಮಿತಿ ಸುಮಾರು 97 ಡಿಗ್ರಿ, ಆರ್-32ಕ್ಕೆ 78. ತಣ್ಣನೆಯ ದೇಶಕ್ಕೆ ಒಪ್ಪಿದ ಶೀತಕವೆಲ್ಲ ಬಿಸಿಲುನಾಡಿಗೂ ಒಪ್ಪೀತೆಂದು ಹೇಳಲಾಗದು. ಯಂತ್ರದ ದಕ್ಷತೆಯನ್ನೂ ಮರೆಯಬಾರದು: ಶೀತಕ ಎಷ್ಟೇ ಸಾಧುವಾಗಿದ್ದರೂ ಯಂತ್ರ ವಿದ್ಯುತ್ತನ್ನು ಹೆಚ್ಚಾಗಿ ತಿಂದರೆ, ನಮ್ಮ ನೆರೆಯ ರಾಯಚೂರಿನ ಶಕ್ತಿನಗರದಲ್ಲಿ ಅಷ್ಟು ಹೆಚ್ಚು ಕಲ್ಲಿದ್ದಲು ಉರಿಯಬೇಕು.

ನನ್ನ ಮನೆಯ ಎರಡು ಅಗತ್ಯಗಳಿಗೆ ಈ ವಿಚಾರವನ್ನು ಅನ್ವಯಿಸಿ ನೋಡಿದೆ. ನೀರು ಕಾಯಿಸುವ ಯಂತ್ರ ಮಾಳಿಗೆಯ ಮೇಲೆ, ಬಯಲಲ್ಲಿ ಕೂಡುವಂಥದು. ಅಲ್ಲಿ ಪ್ರೊಪೇನು ಸೋರಿದರೂ ಗಾಳಿಗೆ ಚೆದುರಿಹೋಗುತ್ತದೆ. ಅಡುಗೆಮನೆಯಲ್ಲಿ 14.2 ಕಿಲೋದ ಸಿಲಿಂಡರನ್ನು ಅಂಜದೆ ಇಟ್ಟುಕೊಂಡವರು, ಬಯಲಿನಲ್ಲಿ ಕೆಲವು ನೂರು ಗ್ರಾಂ ಪ್ರೊಪೇನಿಗೆ ಅಂಜುವುದು ವಿವೇಕವಲ್ಲ. ಅಲ್ಲಿಗೆ ಪ್ರೊಪೇನೇ ಉಚಿತವೆಂದು ತೀರ್ಮಾನಿಸಿದೆ. ಅಂಥ ಯಂತ್ರ ಕೈಗೆ ಸಿಗುವವರೆಗೆ ಹಳೆಯ ಗೀಸರೇ ನಡೆಯಲಿ ಎಂದುಕೊಂಡೆ.

ಅವ್ವನ ಕೋಣೆಯ ಲೆಕ್ಕ ಬೇರೆ. ಅದು 10 ಅಡಿಗೆ 12 ಅಡಿ, ಎತ್ತರ 10 ಅಡಿ. ಒಟ್ಟು ಸುಮಾರು 34 ಘನಮೀಟರು. 350 ಗ್ರಾಂ ಪ್ರೊಪೇನು ಪೂರ್ತಿ ಸೋರಿ ಸಮನಾಗಿ ಹರಡಿದರೆ ಘನಮೀಟರಿಗೆ 10 ಗ್ರಾಂ ಆಗುತ್ತದೆ. ಹೊತ್ತಿಕೊಳ್ಳಲು ಘನಮೀಟರಿಗೆ ಸುಮಾರು 38 ಗ್ರಾಂ ಬೇಕು. ಲೆಕ್ಕ ಧೈರ್ಯವನ್ನೇ ಕೊಡುತ್ತದೆ. ಆದರೆ ಪ್ರೊಪೇನು ಗಾಳಿಗಿಂತ ಭಾರ; ಸಮನಾಗಿ ಹರಡದೆ ನೆಲಕ್ಕಿಳಿದು ನಿಲ್ಲುತ್ತದೆ. ಸಿಲಿಂಡರಿನ ಅನಿಲಕ್ಕೆ ಬೇಕೆಂದೇ ನಾತ ಬೆರೆಸಿರುತ್ತಾರೆ. ಶೀತಕದ ಪ್ರೊಪೇನಿಗೆ ವಾಸನೆಯಿಲ್ಲ. ಅವ್ವನ ಕೋಣೆಯಲ್ಲಿ, ಅವಳ ಹಾಸಿಗೆಯ ಹತ್ತಿರ, ನೆಲದ ಮೇಲೆ ದೇವರ ನಂದಾದೀಪವಿದೆ. ಅಪ್ಪ ತೀರಿಕೊಂಡಂದಿನಿಂದ ಅದು ಆರಿಲ್ಲ. ದೀಪವನ್ನು ಪಡಸಾಲೆಗೆ ಒಯ್ಯೋಣವೆಂದು ತಮ್ಮ ಹೇಳಿದಾಗ ಅವ್ವ, “ದೀಪ ಎಲ್ಲಿರ್ತದೋ ನಾನೂ ಅಲ್ಲೇ ಇರ್ತೀನಪಾ, ನಿಮ್ಮ ತಂಪು ನಿಮಗಿರಲಿ” ಎಂದಳು. ಆ ಮಾತಿನ ಮೇಲೆ ವಾದಿಸುವಂತಿರಲಿಲ್ಲ. ದೀಪವನ್ನು ನೆಲದಿಂದ ಗೋಡೆಯ ಗೂಡಿಗೆ ಏರಿಸಲು ಮಾತ್ರ ಒಪ್ಪಿದಳು. ಸದಾ ಉರಿಯುವ ಬೆಂಕಿಯಿರುವ ಕೋಣೆ ಪ್ರೊಪೇನಿಗೆ ತಕ್ಕ ಸ್ಥಾನವಲ್ಲ. ಆರ್-32 ಹೊತ್ತಿಕೊಳ್ಳಲು ಘನಮೀಟರಿಗೆ ಸುಮಾರು 300 ಗ್ರಾಂ ಬೇಕು. ಯಂತ್ರದಲ್ಲಿರುವ 700 ಗ್ರಾಂ ಪೂರ್ತಿ ಸೋರಿದರೂ ಆ ಕೋಣೆಯಲ್ಲಿ ಅದು 20ರ ಆಸುಪಾಸು. ಜ್ವಾಲೆಗೆ ಸಿಕ್ಕರೆ ಕೆಟ್ಟ ಹೊಗೆ ಕೊಡುವ ದೋಷ ಅದಕ್ಕೂ ಉಂಟೆಂಬುದನ್ನು ಅರಿತೇ ಕೋಣೆಯ ಕಿಟಕಿಯನ್ನು ಕೊಂಚ ತೆರೆದಿಡುವ ಏರ್ಪಾಡು ಮಾಡಿ, ಅಲ್ಲಿಗೆ ಆರ್-32ನ್ನು ಆರಿಸಿದೆವು. ಒಂದೇ ಮನೆತನದಲ್ಲಿ, ಒಂದೇ ಕಾಲಕ್ಕೆ, ಎರಡು ಸ್ಥಾನಕ್ಕೆ ಎರಡು ದ್ರವ. ಔಚಿತ್ಯವೆಂದರೆ ಇದೇ ಅಲ್ಲವೆ?

ಆರ್-32ನ್ನು ಆರಿಸಿದ ಮೇಲೆ ಅದನ್ನು ಸೋರಗೊಡದಿರುವ ಹೊಣೆ ನಮ್ಮದಾಯಿತು. ಈ ಹೊಣೆ ಎಷ್ಟು ಸಡಿಲವಾಗಿ ನಡೆಯುತ್ತಿದೆಯೆಂಬುದು ಅವ್ವನ ಕೋಣೆಗೆ ಯಂತ್ರ ಬರುವ ಮುಂಚೆಯೇ ನನಗೆ ತಿಳಿದಿತ್ತು. ಕಮಲಾಪುರದ ನೆಂಟರೊಬ್ಬರ ಮನೆಯ ಹಳೆಯ ಎ.ಸಿ.ಯನ್ನು ರಿಪೇರಿ ಮಾಡಲು ಬಂದ ಹುಡುಗನು ಕೊಳವೆಯ ಮೂತಿ ಸಡಿಲಿಸಿ ಉಳಿದಿದ್ದ ಅನಿಲವನ್ನೆಲ್ಲ ಸುಯ್ಯೆಂದು ಹೊರಗೆ ಬಿಟ್ಟನು. ಅದು ಎಲ್ಲಿಗೆ ಹೋಯಿತೆಂದು ಕೇಳಿದೆ. “ಎಲ್ಲಿ ಹೋಗ್ತದರಿ ಸರ, ಗಾಳ್ಯಾಗ ಹೋಗ್ತದ” ಎಂದು ನಕ್ಕನು. ಅವನನ್ನು ನಾನು ದೂರಲಾರೆ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹಳೆಯ ಅನಿಲವನ್ನು ಹೀರಿ ಬೇರೆ ಸಿಲಿಂಡರಿನಲ್ಲಿ ಹಿಡಿದಿಡುವ ಯಂತ್ರ ಅವನ ಬಳಿ ಇಲ್ಲ. ಅದಕ್ಕೆ ತಗಲುವ ಹೊತ್ತಿಗೆ ಕೂಲಿ ಕೊಡಲು ನಾವೂ ಸಿದ್ಧರಿಲ್ಲ.

ಆದಕಾರಣ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕು. ಶೀತಕವು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಅದು ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ವರ್ಷವರ್ಷವೂ ‘ಗ್ಯಾಸ್ ಭರ್ತಿ’ ಮಾಡಿಸುವುದೆಂದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಮೊದಲು ತೂತನ್ನು ಮುಚ್ಚಿಸಬೇಕು. ಒಂದು ಶೀತಕಕ್ಕೆಂದು ಮಾಡಿದ ಯಂತ್ರಕ್ಕೆ ಇನ್ನೊಂದನ್ನು ತುಂಬಿಸಬಾರದು. ಹಳೆಯ ಯಂತ್ರಕ್ಕೆ ಉರಿಯುವ ಅನಿಲವನ್ನು ತುಂಬಿಸುವುದಂತೂ ರಿಪೇರಿಯವನ ಜೀವದೊಡನೆ ಆಡಿದಂತೆ. ಯಾವ ಶೀತಕ, ಎಷ್ಟು ಗ್ರಾಂ ಎಂಬುದು ಯಂತ್ರದ ಮೈಮೇಲಿನ ಫಲಕದಲ್ಲಿ ಮುದ್ರಿತವಾಗಿರುತ್ತದೆ. ಕೊಳ್ಳುವ ಮೊದಲು ಅದನ್ನು ಓದಬೇಕು.

ತಂಪೂ ಹಿತಮಿತವಾಗಿರಬೇಕು. ಕಮಲಾಪುರದ ಕೆಂಪು ಬಾಳೆಯ ಖ್ಯಾತಿ ನಿಮಗೆ ಗೊತ್ತು. 13 ಡಿಗ್ರಿಗಿಂತ ಕೆಳಗಿನ ತಂಪು ಬಾಳೆಗೆ ಒಗ್ಗದು. ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಿಡುತ್ತದೆ. ಮನುಷ್ಯನಿಗೂ 43ರ ಬಿಸಿಲಿನಿಂದ ಬಂದು 18ರ ಕೋಣೆಯನ್ನು ಹೊಕ್ಕುವುದು ಹಿತವಲ್ಲ. 2020ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕೋಣೆಯ ಎ.ಸಿ.ಗಳು ಹಚ್ಚಿದಾಗ ತಾವಾಗಿ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂದಿದೆ. ಶಾಖವನ್ನು ಎಷ್ಟು ಕಡಿಮೆ ಎತ್ತರಕ್ಕೆ ಎತ್ತುತ್ತೇವೆಯೋ ಅಷ್ಟು ವಿದ್ಯುತ್ತು ಉಳಿಯುತ್ತದೆ. ಅವ್ವನ ಕೋಣೆಯಲ್ಲಿ ನಾವು 27ಕ್ಕೆ ನಿಲ್ಲಿಸಿದ್ದೇವೆ. ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತದೆ. ಅವಳಿಗೆ ಅಷ್ಟು ಸಾಕು.

ಮುಂದೆ ಆ ಯಂತ್ರ ರಿಪೇರಿಗೆ ಬಂದಾಗ ಅನಿಲವನ್ನು ಹೊರಗೆ ಬಿಡದೆ ಹಿಡಿದಿಡಬೇಕು, ಅದಕ್ಕೆ ತಗಲುವ ಕೂಲಿಯನ್ನು ನಾನು ಕೊಡುತ್ತೇನೆ ಎಂದು ತಮ್ಮನಿಗೆ ಹೇಳಿಟ್ಟಿದ್ದೇನೆ. ನೀವೂ ನಿಮ್ಮ ಮನೆಗೆ ಬರುವ ಹುಡುಗನಿಗೆ ಇದೇ ಮಾತು ಹೇಳಿ, ಅದರ ಕೂಲಿಯನ್ನೂ ಕೊಟ್ಟರೆ, ಅವನು ಆ ವಿದ್ಯೆಯನ್ನು ಕಲಿಯಲು ಒಂದು ಕಾರಣ ದೊರೆತಂತಾಗುತ್ತದೆ.